ವೀಡರ್ ಕೊಳ್ಳಲು ಒಬ್ಬನೇ ಹೋದದ್ದು

ಹಳೆಯ ಯಂತ್ರ ಕೊಳ್ಳಲು ಒಬ್ಬನೇ ಹೋಗಿದ್ದೆ ಎಂದರೆ ನಮ್ಮ ಕಡೆಯವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಅದಕ್ಕೆ ಜೊತೆಗೊಬ್ಬ ಬೇಕು. ಕೊಳ್ಳುವವನು ಸುಮ್ಮನೆ ನಿಂತಿರುತ್ತಾನೆ. ಜೊತೆಯವನು ಯಂತ್ರವನ್ನು ಮನಸಾರೆ ಹೀಗಳೆದು, ಕೊಳ್ಳುವವನ ತೋಳು ಹಿಡಿದು ಎಳೆದುಕೊಂಡು ಹೊರಡುತ್ತಾನೆ. ಆಗ ಮಾರುವವನ ಕಡೆಯವನೊಬ್ಬ ಹಿಂದಿನಿಂದ ಕೂಗಿ ಕರೆಯಬೇಕು. ಕರೆದ ಮೇಲೆಯೇ ರೇಟು ಇಳಿಯುವುದು. ಮಾರುವವನು ತಾನೇ ಕರೆಯುವಂತಿಲ್ಲ, ಮಾನದ ಪ್ರಶ್ನೆ. ನನ್ನ ತೋಳು ಹಿಡಿದು ಎಳೆಯುತ್ತಿದ್ದವನು ಗೆಳೆಯ ಮಾದಪ್ಪ. ಹೋದ ವರ್ಷ ನನ್ನೆದುರೇ ಮಾತಾಡುತ್ತ ಕುಳಿತಿದ್ದವನು, ಮಾತು ಮುಗಿಸದೆ ತೀರಿಹೋಗಿಬಿಟ್ಟ. ಆಮೇಲೆ ನಾನು ಯಾವ ವ್ಯಾಪಾರಕ್ಕೂ ಹೋಗಿರಲಿಲ್ಲ.

ಈ ಸಲ ಹೋಗಲೇಬೇಕಾಯಿತು. ಅರಿಶಿನದ ಹೊಲದಲ್ಲಿ ಕಳೆ ಅರಿಶಿನಕ್ಕಿಂತ ಎತ್ತರವಾಗಿತ್ತು, ಆಳು ಸಿಗುತ್ತಿರಲಿಲ್ಲ. ಇನ್ನೊಂದು ವಾರ ಬಿಟ್ಟರೆ ಬೆಳೆಯ ಆಸೆಯನ್ನೇ ಬಿಡಬೇಕಿತ್ತು. ಪತ್ರಿಕೆಯ ಚಿಕ್ಕ ಜಾಹೀರಾತುಗಳ ನಡುವೆ ‘ಕಳೆ ತೆಗೆಯುವ ಪವರ್ ವೀಡರ್ ಮಾರಾಟಕ್ಕಿದೆ, ಧನಗೆರೆ’ ಎಂದಿತ್ತು. ಯಳಂದೂರಿನಲ್ಲಿ ಬಸ್ಸು ಹತ್ತಿದೆ.

ವೀಡರಿನ ಒಡೆಯ ನಂಜಪ್ಪನವರು ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು. “ಜೊತೇಲಿ ಯಾರೂ ಬರ್ನಿಲ್ವಾ ಸಾ?”

“ಇಲ್ಲ.”

“ಅಂಗಾದ್ರೆ ಯಾಪಾರ ಎಂಗ್ ಮಾಡದು?”

ನಾನೇ ಎರಡೂ ಕೆಲಸ ಮಾಡಲು ನೋಡಿದೆ. ಬ್ಲೇಡು ಸವೆದಿದೆ ಎಂದೆ. ಹಾಗೆನ್ನಬಾರದು ಎಂದು ನನ್ನನ್ನೇ ಗದರಿಕೊಂಡೆ. ನಂಜಪ್ಪನವರಿಗೆ ಕನಿಕರವಾಯಿತು. ಪಕ್ಕದ ಮನೆಯವನನ್ನು ಕೂಗಿದರು. “ಲೇ ಸಿದ್ರಾಜು, ಇವ್ರ ಕಡೆ ನಿಂತ್ಕಳ್ಲಾ. ಪಾಪ, ಒಬ್ರೇ ಬಂದವ್ರೆ.”

ಸಿದ್ದರಾಜು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೆಲಸಕ್ಕಿಳಿದ. “ಏನ್ ಮಾವ, ಇದ್ರಲ್ಲಿ ಕಳೆ ಕೀಳ್ತಿದ್ಯೋ, ಒಲಕ್ಕೆ ಆಯಿಲ್ ಕುಡಿಸ್ತಿದ್ಯೋ?”

ನಂಜಪ್ಪನವರು ನಿಜವಾಗಿಯೂ ನೊಂದರು. “ಮೊನ್ನೆ ನೀನೇ ಇಸ್ಕಂಡು ಓಗಿದ್ದಲ್ಲೋ.”

“ಅದ್ಕೇ ಯೋಳ್ತಿರದು.” ಅವನು ನನ್ನ ತೋಳು ಹಿಡಿದ. “ನಡೀರಿ ಸಾ, ಓಗದ.”

ತೋಳಿನ ಮೇಲೆ ಕೈ ಬಿದ್ದ ಆ ಗಳಿಗೆಯಲ್ಲಿ ನನಗೆ ವೀಡರಿನ ನೆನಪೇ ಇರಲಿಲ್ಲ.

ಬೀದಿಯ ತಿರುವಿನವರೆಗೆ ನಿಧಾನವಾಗಿ ನಡೆದೆವು. ಯಾರೂ ಕರೆಯಲಿಲ್ಲ. ಹುಣಸೆಮರದ ಕೆಳಗೆ ನಿಂತು, ಬೇಕಿಲ್ಲದಿದ್ದರೂ ಚಪ್ಪಲಿ ಸರಿಮಾಡಿಕೊಂಡೆವು. ಆಗಲೂ ಯಾರೂ ಕರೆಯಲಿಲ್ಲ. ಬಸ್ಸು ನಿಲ್ಲುವ ಜಾಗ ಬಂದಾಗ ಸಿದ್ದರಾಜು ಹಣೆ ಚಚ್ಚಿಕೊಂಡ.

“ಮಾವನ ಕಡೆಯಿಂದ ಕರಿಯೋನು ನಾನೇ ಕಣ್ ಸಾ. ಅವ್ರಿಗಾದ್ರೂ ಇನ್ಯಾರವ್ರೆ?”

ಯಾರೂ ಕರೆಯದೆ ತಾನೇ ಹಿಂದಿರುಗಿದವನಿಗೆ ರೇಟು ಇಳಿಯುವುದಿಲ್ಲ. ಗೊತ್ತಿದ್ದೇ ಹಿಂದಿರುಗಿದೆ. ನಂಜಪ್ಪನವರು ಬಾಗಿಲಲ್ಲೇ ನಿಂತಿದ್ದರು. “ಕರೀಬೇಕು ಅನ್ಕಂಡೆ ಸಾ. ಬಾಯೇ ಬರ್ನಿಲ್ಲ,” ಎಂದರು. ಅವರು ಕೇಳಿದಷ್ಟನ್ನೂ ಕೊಟ್ಟೆ.

ಯಂತ್ರ ಕೆಟ್ಟರೆ ಜೊತೆಗೆ ಬಂದವನನ್ನು ಬೈಯುವುದೂ ನಮ್ಮಲ್ಲಿ ಪದ್ಧತಿ. ವೀಡರನ್ನು ಗೂಡ್ಸ್ ಆಟೋಗೆ ಹತ್ತಿಸುವಾಗ ಸಿದ್ದರಾಜು ತನ್ನ ನಂಬರು ಕೊಟ್ಟು, “ಕೆಟ್ಟೋದ್ರೆ ಫೋನ್ ಮಾಡಿ ಬಯ್ರಿ ಸಾ, ಬೇಜಾರಿಲ್ಲ,” ಎಂದ.

ಕಳೆ ಹೋಯಿತು, ಅರಿಶಿನ ಉಳಿಯಿತು. ವೀಡರ್ ಮಾತ್ರ ಕೆಡುತ್ತಿಲ್ಲ. ದಿನವೂ ಸಂಜೆ ಪಕ್ಕದಲ್ಲಿ ಕುಳಿತು ಬೋಲ್ಟುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತೇನೆ. ನಿನ್ನೆ ಒಂದು ತುಸು ಅಲುಗಿದಂತಾಯಿತು. ಖುಷಿಯಿಂದ ಫೋನ್ ತೆಗೆದು, ಅನುಮಾನ ಬಂದು, ಇನ್ನೊಮ್ಮೆ ಹಿಡಿದು ನೋಡಿದೆ. ಅಲುಗುತ್ತಿದ್ದದ್ದು ನನ್ನ ಕೈ.