ಭಾವಮೈದುನನ ಕಾದಂಬರಿಗೆ ಕೊಳವೆ ಚುಚ್ಚಿದ್ದು

ಭಾನುವಾರದೊಳಗೆ ಇನ್ನೂರ ನಲವತ್ತು ಪುಟದ ಕಾದಂಬರಿಯನ್ನು ಓದಿ ಮುಗಿಸುವುದಾಗಿ ಸೋಮವಾರ ಬೆಳಿಗ್ಗೆ ಹೆಂಡತಿಯ ಎದುರು ಭೀಷ್ಮಪ್ರತಿಜ್ಞೆ ಮಾಡಿದೆ. ಬರೆದವನು ಅವಳ ತಮ್ಮ ಶಿವಯ್ಯ, ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಗುಮಾಸ್ತ. ಭಾನುವಾರ ಮಳವಳ್ಳಿ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು ನನ್ನ ಅಭಿಪ್ರಾಯ ಕೇಳುವವನಿದ್ದ.

"ಮೂರು ವರ್ಸ ಕಣ್ಣು ಕಳ್ಕೊಂಡು ಬರ್ದವ್ನೆ. ಓದ್ದೆ ಅವನ ಮುಂದೆ ತಲೆ ತಗ್ಗಿಸುದ್ರೋ, ಆಮೇಲೆ ನನ್ ಮುಂದೆ ತಲೆ ಎತ್ತಂಗಿಲ್ಲ!" ಎಂದಳು ದೇವಿರಮ್ಮ.

"ನಂಗೇ ಓದು ಕಲಿಸ್ತೀಯೇನೇ? ಈ ಗುತ್ತಲು ಬಡಾವಣೇಲಿ ನನ್ನಂಗೆ ಓದೋನು ಇನ್ಯಾವನವ್ನೆ?"

ಇದು ಸುಳ್ಳಲ್ಲ. ಒಂದು ಕಾಲಕ್ಕೆ ಮಂಡಿಯಲ್ಲಿ ರಾಗಿ ತೂಗಿಸುತ್ತಲೇ ಪುಸ್ತಕ ಮುಗಿಸುತ್ತಿದ್ದವನು ನಾನು. ಸಂಕ್ರಾಂತಿಯಿಂದೀಚೆಗೆ ಏನು ಗ್ರಹಚಾರವೋ! ಪುಸ್ತಕ ಹಿಡಿದರೆ ಅಕ್ಷರಗಳು ರಾಗಿಕಾಳಿನಂತೆ ಬೆರಳಸಂದಿಯಿಂದ ಜಾರಿಹೋಗುತ್ತವೆ. ಒಂದೇ ಸಾಲನ್ನು ಹತ್ತು ಸಲ ಓದುತ್ತೇನೆ. ಹನ್ನೊಂದನೆಯ ಸಲ ಅದು ಹೊಸದಾಗಿ ಕಾಣುತ್ತದೆ. ಜ್ವರ ಬಂದರೆ ಕಷಾಯವಿದೆ. ಇದಕ್ಕೆ ಯಾರ ಹತ್ತಿರ ನಾಡಿ ತೋರಿಸಲಿ?

ಶನಿವಾರ ಮಧ್ಯಾಹ್ನಕ್ಕೆ ಒಂಬತ್ತನೆಯ ಪುಟ ತಲುಪಿದ್ದೆ! ನಾಯಕಿ ಗೋದಾ ಹೊಳೆದಂಡೆಯಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಐದು ದಿನದಿಂದ ನಿಂತೇ ಇದ್ದಳು, ಪಾಪ.

ಆಗ ನನ್ನ ಕಸುಬು ನೆನಪಾಯಿತು. ಮಂಡಿಗೆ ಗಾಡಿ ಬಂದರೆ ಮೂಟೆಗಳನ್ನೆಲ್ಲ ಬಿಚ್ಚಿ ಸುರಿಯುತ್ತೇನೆಯೇ? ಕಬ್ಬಿಣದ ಕೊಳವೆಯನ್ನು ಮೇಲೆ, ನಡುವೆ, ತಳದಲ್ಲಿ ಚುಚ್ಚಿ, ಬಂದ ಕಾಳು ನೋಡಿ ಬೆಲೆ ಕಟ್ಟುತ್ತೇನೆ. ಇಪ್ಪತ್ತು ವರ್ಷದಲ್ಲಿ ಯಾರೂ ನನಗೆ ಟೋಪಿ ಹಾಕಿಲ್ಲ. ಪುಸ್ತಕವೇನು ಮಹಾ? ಮೇಲೆ ಚುಚ್ಚಿಯಾಗಿತ್ತು. ತಳಕ್ಕೆ ಚುಚ್ಚಿದೆ: ಗೋದಾಳ ಮದುವೆ, ಊಟದ ಪಂಕ್ತಿ. ನಡುವೆ ಚುಚ್ಚಿದೆ: "ಕುಂಟುವ ಕುರಿಯ ಗೊರಸನ್ನು ತೊಳೆದು, ಬೇವಿನೆಣ್ಣೆ ಹಚ್ಚಿ, ಒಣನೆಲದಲ್ಲಿ ನಿಲ್ಲಿಸತಕ್ಕದ್ದು." ಸರಿ, ವಿರಹ ತಾಳಲಾರದೆ ನಾಯಕ ಕುರಿಗೆ ಹೆಸರಾದ ಬಂಡೂರಿಗೆ ಹೋಗಿ ಕುರಿ ಕಾಯುತ್ತಿರಬೇಕು!

"ಇಷ್ಟ್ ಬೇಗ ಮುಗೀತಾ?" ಎಂದಳು ದೇವಿರಮ್ಮ.

"ಮೂರೂ ಕಡೆ ನೋಡ್ದೆ. ಮಾಲು ಚೊಕ್ಕ ಐತೆ!" ಬಾಯಿ ತಪ್ಪಿ ಬಂದುಬಿಟ್ಟಿತು. ಅವಳು ನನ್ನನ್ನೊಮ್ಮೆ ದಿಟ್ಟಿಸಿ ಒಳಗೆ ಹೋದಳು.

ಭಾನುವಾರ ಶಿವಯ್ಯ ಬಂದ. ಕಾಲು ತೊಳೆಯುವ ಮೊದಲೇ, "ಭಾವ, ಓದುದ್ರಾ?"

"ಓದುದ್ನಾ ಅಂತ ಕೇಳ್ತೀಯಲ್ಲಯ್ಯ! ಆ ಕುಂಟೋ ಕುರಿ ಕಾಲು ತೊಳೆಯೋ ಜಾಗ ಐತಲ್ಲ, ಕಣ್ಣಲ್ಲಿ ನೀರು ಬಂದ್ಬುಡ್ತು ಕಣಯ್ಯ!"

"ಯಾವ ಕುರಿ?"

"ಬಂಡೂರು ಕುರಿ."

"ನನ್ ಕತೇಲಿ ಒಂದ್ ಕೋಳೀನೂ ಇಲ್ವಲ್ಲ ಭಾವ!"

ಪುಸ್ತಕ ಕಸಿದುಕೊಂಡು ಮಗುಚಿದ. ಅಚ್ಚುಕೂಟದವರು ನಡುವಿನ ಮೂವತ್ತೆರಡು ಪುಟಗಳ ಜಾಗಕ್ಕೆ ಯಾವುದೋ ಕುರಿಸಾಕಣೆಯ ಪುಸ್ತಕದ ಹಾಳೆ ಸೇರಿಸಿ ಹೊಲಿದುಬಿಟ್ಟಿದ್ದರು! ಚೀಲದಿಂದ ಇನ್ನೆರಡು ಪ್ರತಿ ತೆಗೆದ. ಅವುಗಳಲ್ಲೂ ಕುರಿ. ಬರೆದವನು ಕೂಡ, ಅಚ್ಚಾದ ಮೇಲೆ, ತನ್ನ ಹೆಸರಿದ್ದ ಮೊದಲ ಪುಟ ದಾಟಿ ಹೋಗಿರಲಿಲ್ಲ!

ಶಿವಯ್ಯ ಜಗಲಿಯ ಮೇಲೆ ಕುಸಿದ.

"ಮದ್ದೂರು ಮೇಷ್ಟ್ರು ಎಲ್ಡು ಸಲ ಓದಿವ್ನಿ ಅಂದ್ರು. ಪಕ್ಕದ್ಮನೆಯವ್ರು ನಡೂಭಾಗ್ವೇ ಚೆಂದ ಅಂದ್ರು. ಹದಿನೆಂಟು ಜನಕ್ಕೆ ಕೊಟ್ಟಿದ್ದೆ ಭಾವ... ಒಬ್ರೂ ಕುರಿ ಮಾತೆತ್ನಿಲ್ಲ!" ಕಣ್ಣೊರೆಸಿಕೊಂಡು ನನ್ನ ಎರಡೂ ಕೈ ಹಿಡಿದುಕೊಂಡ. "ನಿಜ್ವಾಗ್ಲೂ ಓದಿರೋರು ನೀವೊಬ್ರೇ!"

ಸತ್ಯ ಹೇಳಲೇ? ಹೇಳಿದರೆ ಪಾಪದವನಿಗೆ ಹತ್ತೊಂಬತ್ತನೆಯವನೂ ಹೋದ. ಕೈ ಬಿಡಿಸಿಕೊಂಡು ಕಾಲು ತೊಳೆಯುವ ನೀರಿನ ಚೊಂಬನ್ನು ಅವನತ್ತ ಸರಿಸಿದೆ.

"ಇನ್ನೊಂದು ಬರ್ದಿದೀನಿ ಭಾವ. ಐನೂರು ಪುಟ. ನೀವು ಓದಿ ಸರಿ ಅಂದ್ರೇನೆ ಅಚ್ಚಿಗೆ ಕೊಡೋದು" ಎಂದು ದಾರ ಸುತ್ತಿದ ಕಾಗದದ ಕಟ್ಟೊಂದನ್ನು ನನ್ನ ಮಡಿಲಿಗಿಟ್ಟ. ಮಡಿಲಲ್ಲಿ ಮೂಟೆ ಇಳಿಸಿದಂತಾಯಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ದೇವಿರಮ್ಮ ಬಂದು ಕಟ್ಟಿನ ದಾರ ಎಳೆದಳು. ಹಾಳೆಗಳು ಜಗಲಿಯ ತುಂಬ ಹರಡಿದವು.

"ಮೂಟೆ ನಾನೇ ಬಿಚ್ಚಿ ಸುರ್ದಿವ್ನಿ. ಕೊಳವೆ ಮಂಡೀಲೇ ಇರ್ಲಿ. ದಿನಾ ಹತ್ತು ಹಾಳೆ ಕತೆ ಹೇಳುದ್ರೆ ಮುದ್ದೆ, ಇಲ್ದಿದ್ರೆ ಬರೀ ಮಜ್ಜಿಗೆ!"

ಇವತ್ತಿಗೆ ಮೂರು ದಿನ. ಈ ಕಾದಂಬರಿಯ ನಾಯಕಿಯೂ ಹೊಳೆದಂಡೆಯಲ್ಲೇ ನಿಂತಿದ್ದಾಳೆ. ಅವಳ ನಿಟ್ಟುಸಿರು ಯಾತಕ್ಕೋ ಇನ್ನೂ ತಿಳಿದಿಲ್ಲ. ನನ್ನದು ಮಾತ್ರ ಮುದ್ದೆಗೆ!