ನಾನೂರು ಅಡಿಗಿಂತ ಕೆಳಗೆ

ನಮ್ಮ ಸೋದರಮಾವ ಭೂಮಿಯ ಮೇಲೆ ಇರುವುದು ಬರೀ ವಿಳಾಸಕ್ಕೆ. ಮನಸ್ಸೆಲ್ಲ ಅದರ ಕೆಳಗಿದೆ! ಒಂದು ಗಂಟೆ ದಾರಿಯ ಕೊಯಮತ್ತೂರಿಗೆ ಹೋಗಬೇಕೆಂದರೆ ಎರಡು ದಿನ ಮೊದಲೇ ಯೋಚನೆಗೆ ಕೂರುವ ಮನುಷ್ಯ, ಆರು ಸಾವಿರ ಚಿಲ್ಲರೆ ಕಿಲೋಮೀಟರು ಆಳದ ಭೂಗರ್ಭದ ಬಗ್ಗೆ ಮಾತ್ರ ಈಗಷ್ಟೇ ಅಲ್ಲಿ ಕಾಫಿ ಕುಡಿದು ಬಂದವರ ಹಾಗೆ ಹೇಳುತ್ತಾರೆ. ಇದನ್ನೆಲ್ಲ ಬರೆದರೆ ಅವರು ಓದಿ ಮುನಿಸಿಕೊಂಡಾರೆಂಬ ಭಯ ನನಗಿಲ್ಲ. ನೆಗಮಂನ ನಮ್ಮ ನೇಕಾರರ ಮನೆಗಳಲ್ಲಿ ಕನ್ನಡ ಬಾಯಲ್ಲಷ್ಟೇ ಉಳಿದಿದೆ. ಓದುವುದು, ಬರೆಯುವುದು ತಮಿಳಿನಲ್ಲಿ. ನಾನು ಈ ಅಕ್ಷರ ಕಲಿತದ್ದೇ ಕೆಲಸ ಸಿಕ್ಕ ಮೇಲೆ.

ಈ ಹುಚ್ಚು ಹಿಡಿದದ್ದು ನನ್ನ ಏಳನೇ ತರಗತಿಯ ಪುಸ್ತಕದಿಂದ. ಅದರಲ್ಲಿ ಕತ್ತರಿಸಿದ ಹಣ್ಣಿನಂತೆ ಭೂಮಿಯ ಚಿತ್ರವಿತ್ತು. ಒಂದು ಸಂಜೆಗೆಂದು ಕೇಳಿ ತೆಗೆದುಕೊಂಡವರು ಹಿಂದಿರುಗಿಸಿದ್ದು ನಾನು ಎಂಟಕ್ಕೆ ಹೋದ ಮೇಲೆ. ಪುಸ್ತಕ ತನ್ನದು ಎಂದು ಅಕ್ಕನ ವಾದ. ಇರಬಹುದು. ಆ ಪಾಠದಲ್ಲಿ ಇಬ್ಬರಿಗೂ ಬಂದದ್ದು ಸೊನ್ನೆಯೇ ಆದ್ದರಿಂದ ನಾವು ಹೆಚ್ಚು ಜಗಳವಾಡುವುದಿಲ್ಲ.

ಮಾವನದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕೂತು ನೇಯಬೇಕು. ಇದಕ್ಕಿಂತ ದೊಡ್ಡ ಹೆಮ್ಮೆ ಅವರಿಗೆ ಬೇರೆ ಇಲ್ಲ.

"ನಿನ್ನ ಕಾಲಿಗಿಂತ ನನ್ನ ಕಾಲು ಎರಡಡಿ ಹತ್ತಿರ ಐತೆ, ಕಣ್ಣು," ಎಂದು ನನ್ನನ್ನು ಮುದ್ದಿನಿಂದ ಕರೆದು ಹೇಳುತ್ತಿದ್ದರು.

"ಯಾವುದಕ್ಕೆ ಮಾವ?"

"ನಡುಗರ್ಭಕ್ಕೆ. ಅಲ್ಲಿ ಬರೀ ಗಟ್ಟಿ ಕಬ್ಬಿಣ. ಸುತ್ತ ಕರಗಿದ ಕಬ್ಬಿಣ. ಅದರ ಮೇಲೆ ದಪ್ಪ ಮ್ಯಾಂಟಲು. ಕಡೆಗೆ ನಾವು ಓಡಾಡೋ ಚಿಪ್ಪು."

ಅಡುಗೆಮನೆಯಿಂದ ಅತ್ತೆ ಕೇಳುತ್ತಿದ್ದರು: "ಅಷ್ಟು ಹತ್ರ ಇದ್ದೂ ಕಾಲು ತಣ್ಣಗೆ ಐತೆ ಅಂತ ರಾತ್ರಿ ಕಂಬಳಿ ಎಳ್ಕೋತೀರಲ್ಲ, ಅದು ಏನಕ್ಕೆ?"

ಒಮ್ಮೆ ಅವರು ಭೂಮಿಯನ್ನೇ ಸೀರೆಯಾಗಿ ನೇಯ್ದರು! ಸೀರೆಯ ಅಗಲವನ್ನು ಭೂಮಿಯ ಆಳವೆಂದು ಹಿಡಿದು, ಲೆಕ್ಕ ಹಾಕಿ ಹಾಸು ಕಟ್ಟಿದರು. ಒಂಬತ್ತು ಅಂಗುಲ ಹಳದಿ, ಹದಿನಾರೂವರೆ ಕಿತ್ತಳೆ, ಇಪ್ಪತ್ತೆರಡು ಕೆಂಪು. ಉಳಿದ ಕಾಲಂಗುಲ ಹಸಿರೇ ಚಿಪ್ಪು, ಅದೇ ಸೀರೆಯ ಅಂಚು. ನೆಗಮಂ ಸೀರೆಗೆ ಗೇಣಗಲದ ಅಂಚು ನೋಡಿ ಅಭ್ಯಾಸವಾಗಿದ್ದ ವ್ಯಾಪಾರಿ ಮಡಿಕೆ ಬಿಚ್ಚಿ, ಕನ್ನಡಕ ಹಾಕಿ, ಮತ್ತೆ ಬಿಚ್ಚಿ ನೋಡಿದ.

"ಬಾರ್ಡರ್ ಎಂಗೆ ಅಣ್ಣಾ? ಅಂಚೇ ಕಾಣಲ್ವಲ್ಲ?"

"ಐತೆ, ಸರಿಯಾಗಿ ನೋಡು. ಅದರ ಮೇಲೇ ನಿಂತಿದ್ದೀಯ."

ವ್ಯಾಪಾರಿ ಗಾಬರಿಯಿಂದ ಎರಡು ಕಾಲನ್ನೂ ಎತ್ತಿ ಎತ್ತಿ ಕೆಳಗೆ ಹುಡುಕಿದ. ಸೀರೆ ಮಾರಾಟವಾಗಲಿಲ್ಲ. ಅತ್ತೆ ಅದನ್ನು ಉಟ್ಟು ಮದುವೆಗಳಿಗೆ ಹೋದರು. "ಏನಕ್ಕಾ, ಹೊಸ ಡಿಸೈನಾ?" ಎಂದವರಿಗೆಲ್ಲ, "ಹಳೇದೇ, ಭೂಮಿ ಹುಟ್ಟಿದಾಗಿಂದ ಇದ್ದದ್ದೇ," ಎನ್ನುತ್ತಿದ್ದರಂತೆ. ನಾನು ಕಿವಿಯಾರೆ ಕೇಳಿಲ್ಲ. ಆದರೆ ಅತ್ತೆ ಹೇಳುವಂಥ ಮಾತೇ.

ಅತ್ತೆಗೆ ಭೂಮಿಯಿಂದ ಬೇಕಾಗಿದ್ದದ್ದು ನೀರು. ಬೀದಿಯ ನಲ್ಲಿಯಲ್ಲಿ ವಾರಕ್ಕೊಮ್ಮೆ ಬಂದರೆ ಬಂತು. ಇಪ್ಪತ್ತು ವರ್ಷ ಕೊಡ ಹೊತ್ತು ಅವರ ಬಲಮಂಡಿ ಸವೆದುಹೋಗಿತ್ತು. ಕಳೆದ ಬೇಸಿಗೆಯಲ್ಲಿ "ಹಿತ್ತಲಲ್ಲಿ ಬೋರ್ ಹಾಕಿಸೋಣ" ಎಂದಾಗ ಮಾವ ಒಪ್ಪಿದ ವೇಗ ನೋಡಿ ಅತ್ತೆಗೇ ಅನುಮಾನ ಬಂತು. ಎಡಬಲದ ಎರಡು ಮನೆಗಳಲ್ಲೂ ಬರೀ ಧೂಳು ಬಂದಿತ್ತು. ನಮಗೆ ಇದೊಂದೇ ಅವಕಾಶ. ಇನ್ನೊಂದು ಕೊರೆಸುವ ಶಕ್ತಿ ಯಾರಿಗೂ ಇರಲಿಲ್ಲ.

ಕೊರೆಯುವ ಲಾರಿ ಬೆಳಿಗ್ಗೆಯೇ ಬಂದು ನಿಂತಿತು. ಇಪ್ಪತ್ತು ಅಡಿಯ ಒಂದೊಂದು ರಾಡು ಇಳಿದಾಗಲೂ ಕೆಲಸದವರು ಮೇಲೆ ಬಂದ ಪುಡಿಯನ್ನು ಒಂದು ಹಿಡಿ ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಮಾವ ಅವುಗಳನ್ನು ಅತ್ತೆಯ ಸಾಂಬಾರ ಡಬ್ಬಿಗಳಿಗೆ ತುಂಬತೊಡಗಿದರು. ಮಧ್ಯಾಹ್ನದ ಸಾರು ಹಲ್ಲಿಗೆ ಕರಕರ ಎಂದಿತು.

"ಮ್ಯಾಂಟಲ್ ಸಾರಾ ಮಾವ?" ಎಂದೆ.

"ಅದೆಲ್ಲಿ ಬಂತು? ಇನ್ನೂ ಚಿಪ್ಪೇ. ಇನ್ನೂರ ನಲವತ್ತನೇ ಅಡಿ," ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಇಪ್ಪತ್ತನೇ ರಾಡಿಗೆ, ನಾನೂರು ಅಡಿಗೆ ಸರಿಯಾಗಿ, ಧೂಳು ಕೆಸರಾಯಿತು, ಕೆಸರು ನೀರಾಯಿತು. ಲಾರಿಯವನು ಕೈ ಎತ್ತಿದ. "ಅಣ್ಣಾ, ತಣ್ಣಿ ವಂದಿರುಚ್ಚು, ನೀರು ಬಂತು. ನಿಲ್ಲಿಸಿಬಿಡ್ಲಾ? ಇನ್ನೂ ಇಳಿದ್ರೆ ಒಣಬಂಡೆ ಸೀಳು ಸಿಕ್ಕಿ ಇದ್ದ ನೀರೂ ಕೆಳಗೆ ಹೋಗಿಬಿಡಬಹುದು."

ಅತ್ತೆ ಚಿಮ್ಮುವ ನೀರಿನಲ್ಲಿ ಎರಡೂ ಕೈ ಹಿಡಿದು ನಿಂತಿದ್ದರು. ಮಾವ ಲಾರಿಯ ಮೇಲೆ ಉಳಿದಿದ್ದ ರಾಡುಗಳನ್ನು ನೋಡಿದರು. ಇನ್ನೂ ಮೂವತ್ತು ಇದ್ದವು. ತಮ್ಮದೇ ಹಿತ್ತಲಿನ, ತಮ್ಮದೇ ತೂತು. ಇಂಥದ್ದು ಅವರಿಗೆ ಮತ್ತೆ ಸಿಗುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

"ನಿಲ್ಲಿಸಪ್ಪ," ಎಂದರು. ಕೈಯಲ್ಲಿದ್ದ ಡಬ್ಬಿಗೆ ಮುಚ್ಚಳ ಹಾಕಿದರು.

ಅತ್ತೆ ತಿರುಗಿ ನೋಡಿದರು, ಅವರನ್ನೂ, ಆ ಡಬ್ಬಿಯನ್ನೂ. "ಇನ್ನೊಂದು ಇಳಿಸು ತಂಬಿ."

"ಅಕ್ಕಾ, ನೀರು ಹೋದ್ರೆ ನನ್ನ ಕೇಳಬಾರ್ದು."

"ಹೋದ್ರೆ ಹೊರ್ತೀನಿ. ಇಷ್ಟು ವರ್ಷ ಹೊತ್ತಿಲ್ವಾ. ಅವರಿಗೆ ಇನ್ನೊಂದು ಹಿಡಿ ತೆಗೆದುಕೊಡು."

ನೀರು ಹೋಗಲಿಲ್ಲ. ಆದರೆ ಅದು ನಮಗೆ ಗೊತ್ತಾದದ್ದು ಆಮೇಲೆ.

ಈಗ ಕೇಳಿದರೆ ಅತ್ತೆ, "ಇನ್ನೊಂದು ಇಳಿಸು ಅಂತ ನಾನ್ಯಾಕೆ ಅಂತೀನಿ, ನಿನಗೆ ಕತೆ ಕಟ್ಟೋ ಚಟ," ಎನ್ನುತ್ತಾರೆ. ಮಾವನೂ ತಲೆಯಾಡಿಸುತ್ತಾರೆ. ನನ್ನ ನೆನಪು ಎಷ್ಟೋ ಸಲ ಮೋಸ ಮಾಡಿದೆ, ಇದೂ ಹಾಗೇ ಇರಬಹುದು ಎಂದುಕೊಂಡೆ. ಮೊನ್ನೆ ಪಂಪು ಕೆಟ್ಟಾಗ ರಿಪೇರಿಯವನು ಹಗ್ಗಕ್ಕೆ ಕಲ್ಲು ಕಟ್ಟಿ ಕೊಳವೆಬಾವಿಯ ಆಳ ಅಳೆದ.

ನಾನೂರ ಇಪ್ಪತ್ತು ಅಡಿ ಇತ್ತು.