ಕೆಮ್ಮಣ್ಣಿನ ಅಕ್ಕುವಿಗೆ ಶಾಲು

ತಾರಾನಾಥ ತನ್ನ ಪ್ರಬಂಧದಲ್ಲಿ ಕೆಮ್ಮಣ್ಣಿನ ಅಕ್ಕುವಿನ ಹೆಸರನ್ನು ಹನ್ನೊಂದು ಕಡೆ ಬರೆದಿದ್ದ. ಎರಡು ಮೂರಕ್ಕೆ ನಿಲ್ಲಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವನು ಉಡುಪಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅಧ್ಯಾಪಕ. 1983ರ ವಿಚಾರಗೋಷ್ಠಿಗೆಂದು ಮೀನು ಮಾರುವ ಹೆಂಗಸರ ನಂಬಿಕೆಗಳ ಮೇಲೆ ಬರೆದಿದ್ದ. ಮಾಹಿತಿಗಾಗಿ ಕೆಮ್ಮಣ್ಣು ಎಂಬ ಊರಿಗೆ ಹೋದದ್ದು ಒಂದೇ ಸಲ. ಹೊಳೆಬದಿಯ ಕೆಸರು ಒಂದು ಚಪ್ಪಲಿಯನ್ನು ನುಂಗಿತು. ಒಂಟಿ ಚಪ್ಪಲಿಯಲ್ಲಿ ಬಸ್ಸು ಹತ್ತಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎಪ್ಪತ್ತೆಂಟು ವರ್ಷದ ಅಕ್ಕು ಹುಟ್ಟಿದ್ದು ಅವನ ಮನೆಯ ಮೇಜಿನ ಮೇಲೆ.

ಗೋಷ್ಠಿಯ ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಚೆನ್ನಪ್ಪನವರು ಅವನನ್ನು ಕರೆದರು.

"ಕೇಳಿ ಬರೆದ ನಾವು ದೊಡ್ಡವರಾಗುತ್ತೇವೆ. ಹೇಳಿದವರಿಗೆ ಎಂತ ಸಿಗುತ್ತದೆ? ಮೂರು ಗಂಟೆಗೆ ಅಕ್ಕುವಿಗೆ ಶಾಲು ಹೊದಿಸುವ. ಕರೆದುಕೊಂಡು ಬನ್ನಿ."

"ಅವರಿಗೆ ಹುಷಾರಿಲ್ಲ ಸಾರ್."

"ಹಾಗಾದರೆ ನಾವೇ ಅಲ್ಲಿಗೆ ಹೋಗುವ. ಅಧ್ಯಕ್ಷತೆಗೆ ಬಂದ ಡಾಕ್ಟರ್ ಓಸ್ವಾಲ್ಡರ ಕಾರು ಉಂಟಲ್ಲ."

"ಬೇಡ ಸಾರ್, ಈಗ ಸ್ವಲ್ಪ ಗುಣವಾಗಿದೆ."

ಪಕ್ಕದಲ್ಲಿದ್ದ ಕನ್ನಡ ಅಧ್ಯಾಪಕಿ ಗುಣವತಿ ಆಗಲೇ ಚೀಲ ಹೆಗಲಿಗೇರಿಸಿದರು. "ನಾನೂ ಬರುತ್ತೇನೆ. ಅಕ್ಕುವನ್ನು ಅವರ ಮನೆಯಲ್ಲೇ ನೋಡಬೇಕು."

"ಹೊಸಬರನ್ನು ಕಂಡರೆ ಅವರು ಮಾತಾಡುವುದಿಲ್ಲ."

"ಮತ್ತೆ ಸಭೆಯಲ್ಲಿ?"

ಅಷ್ಟರಲ್ಲಿ ತಾರಾನಾಥ ಮೆಟ್ಟಿಲಿಳಿದಾಗಿತ್ತು. ಅವನು ಹೋದದ್ದು ಹತ್ತಿರದ ಮೀನು ಮಾರ್ಕೆಟ್ಟಿಗೆ. ಅಲ್ಲಿ ಎಲ್ಲರಿಗಿಂತ ವಯಸ್ಸಾದವಳಾಗಿ ಕಂಡದ್ದು ಕಮಲ.

"ಬುಟ್ಟಿ ಖಾಲಿಯಾಗದೆ ನಾನು ಏಳುವುದಿಲ್ಲ," ಎಂದಳು ಅವಳು. ಉಳಿದ ಬಂಗುಡೆ ಮೀನನ್ನೆಲ್ಲ ತಾರಾನಾಥ ಕೊಂಡು ತನ್ನ ಪುಸ್ತಕದ ಚೀಲಕ್ಕೆ ತುಂಬಿಸಿಕೊಂಡ.

"ಇವತ್ತಿಗೆ ಮಾತ್ರ ನಿಮ್ಮ ಹೆಸರು ಅಕ್ಕು."

"ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ ಮಾಸ್ಟ್ರೇ."

"ನೀವು ಸುಮ್ಮನೆ ಕೂತರೆ ಸಾಕು," ಎಂದ, ಅವಳ ಮುಖ ನೋಡದೆ.

ಸಭೆಯಲ್ಲಿ ಬಂಗುಡೆಯ ವಾಸನೆ ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರನ್ನೂ ಮುಟ್ಟುತ್ತ ಸಾಲಿನಿಂದ ಸಾಲಿಗೆ ಹೋಯಿತು. ಅದು ಅಕ್ಕುವಿನದ್ದೆಂದು ತಿಳಿದು ಎಲ್ಲರೂ ಗೌರವದಿಂದ ಸಹಿಸಿಕೊಂಡರು. ತಾರಾನಾಥ ಓದಿದ: "ಶನಿವಾರ ಬುಟ್ಟಿ ಕವುಚಿದರೆ ಕಡಲು ಮುನಿಯುತ್ತದೆ ಎನ್ನುತ್ತಾಳೆ ಅಕ್ಕು."

ಗುಣವತಿ ಎದ್ದು ನಿಂತರು. "ಇದನ್ನು ಅವರ ಬಾಯಿಂದಲೇ ಕೇಳಬೇಕು."

ಕಮಲ ಸ್ವಲ್ಪ ಯೋಚಿಸಿದಳು. "ಕಡಲು ಯಾಕೆ ಮುನಿಯುತ್ತದೆ? ಒಣಗಲಿಕ್ಕೆ ಅಂತ ನಾವು ದಿನಾ ಬುಟ್ಟಿ ಕವುಚಿಯೇ ಇಡುವುದು."

ಸಭೆ ನಕ್ಕಿತು. ತಾರಾನಾಥನಿಗೆ ಕಾಗದದಿಂದ ಕಣ್ಣೆತ್ತಲಾಗಲಿಲ್ಲ. ಸುಳ್ಳು ಹೇಳದ ಆ ಮುದುಕಿ ತನ್ನಿಂದಾಗಿ ಪೆಚ್ಚಾಗಿ ಕೂತಿದ್ದಾಳೆ. ಇನ್ನು ಒಪ್ಪಿಕೊಳ್ಳುವುದೇ ಸರಿ ಎನ್ನಿಸಿತು.

"ನಿಜ ಹೇಳಬೇಕೆಂದರೆ..." ಎಂದು ಶುರು ಮಾಡಿದ.

"ನಿಲ್ಲಿ," ಎಂದರು ಅಧ್ಯಕ್ಷತೆ ವಹಿಸಿದ್ದ ಡಾಕ್ಟರ್ ಓಸ್ವಾಲ್ಡ್. ಕರಾವಳಿಯ ಜನಜೀವನದ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. "ಜನರ ಎದುರು ಇವರಿಗೆ ಸಂಕೋಚ. ನನಗೆ ಅಕ್ಕು ಹಳೆಯ ಪರಿಚಯ. ಹದಿನೈದು ವರ್ಷದ ಹಿಂದೆ ಕೆಮ್ಮಣ್ಣಿನ ಅವರ ಜಗಲಿಯಲ್ಲಿ ಕೂತು ಇದನ್ನೇ ಬರೆದುಕೊಂಡವನು ನಾನು."

ತಾರಾನಾಥ ಬಾಯಿ ತೆರೆದವನು ಹಾಗೆಯೇ ನಿಂತ. ಹೋದ ಜೀವ ಬಂದಂತಾಯಿತು.

"ಆದರೆ," ಎಂದರು ಓಸ್ವಾಲ್ಡ್, "ಎರಡು ವರ್ಷದ ಹಿಂದೆ ಮಣಿಪಾಲದ ಭಾಷಣದಲ್ಲಿ ನಾನು ಇದನ್ನೆಲ್ಲ ಹೇಳಿದ್ದೆ. ಈ ಅಧ್ಯಾಪಕರು ಎದುರಿಗೇ ಕೂತು ಬರೆದುಕೊಳ್ಳುತ್ತಿದ್ದರು. ಪ್ರಬಂಧದಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲವಲ್ಲ."

ಭಾಷಣಕ್ಕೆ ತಾರಾನಾಥ ಹೋಗಿದ್ದು ನಿಜ. ಆದರೆ ಆಗ ಅಕ್ಕು ಇನ್ನೂ ಹುಟ್ಟಿರಲಿಲ್ಲ. ಅದನ್ನು ಹೇಳುವುದು ಹೇಗೆ?

"ಎಂತ ಇದು ತಾರಾನಾಥರೇ?" ಎಂದು ಕೇಳಿದ ಚೆನ್ನಪ್ಪನವರ ದನಿ ಇಳಿದಿತ್ತು.

"ತಪ್ಪಾಯಿತು ಸಾರ್," ಎಂದ ತಾರಾನಾಥ. ಮಾಡದ ಕಳ್ಳತನಕ್ಕೆ ತಲೆ ತಗ್ಗಿಸಿ ನಿಂತ.

ಓಸ್ವಾಲ್ಡ್ ಕಮಲಳಿಗೆ ಶಾಲು ಹೊದಿಸಿದರು. "ನನ್ನ ಗುರುತು ಸಿಕ್ಕಿತಾ?"

"ಇಲ್ಲ," ಎಂದಳು ಅವಳು.

"ಪ್ರಾಯವಾಯಿತಲ್ಲ," ಎಂದು ಅವರು ಸಭೆಗೆ ವಿವರಿಸಿದರು.

ಅಚ್ಚಾಗಲಿದ್ದ ಗೋಷ್ಠಿಯ ಸಂಪುಟದಿಂದ ತಾರಾನಾಥನ ಪ್ರಬಂಧವನ್ನು ತೆಗೆದುಹಾಕಿದರು. ಅವನು ಚೀಲ ಹಿಡಿದುಕೊಂಡು ಗೇಟಿನವರೆಗೆ ಬಂದಾಗ ಗುಣವತಿ ಹಿಂದಿನಿಂದ ಬಂದು ಜೊತೆಯಾದರು.

"ಬೇರೆಯವರದ್ದನ್ನು ತೆಗೆದುಕೊಂಡಿರಿ, ಆಯಿತು," ಎಂದರು ಅವರು ಕನಿಕರದಿಂದ. "ಹೆಸರನ್ನಾದರೂ ಬದಲಾಯಿಸಬಹುದಿತ್ತು ಮಾರಾಯರೇ. ಸ್ವಂತ ತಲೆಯಿಂದ ಒಂದು ಮುದುಕಿಯನ್ನು ಹುಟ್ಟಿಸಲಿಕ್ಕೂ ಆಗಲಿಲ್ವಾ ನಿಮಗೆ?"